ಆನೆ ಎಲ್ಲಿದೆ ಎಂಬುದು ನಿಮ್ಮ ಫೋನಿಗೆ ತಿಳಿಯುವುದು ಹೇಗೆ?

[ದೃಶ್ಯ: ಬೆಳಗಿನ ಆರು ಗಂಟೆ. ಮಂಜು ಮುಸುಕಿದ ಕಾಫಿ ತೋಟ. ಜಗಲಿಯಲ್ಲಿ ಮೊಬೈಲ್ ಹಿಡಿದ ಕೈ.]

ನಮಸ್ಕಾರ. ಕೊಡಗಿನ ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟದ ಆಸುಪಾಸಿನಲ್ಲಿ ತೋಟವಿರುವವರಿಗೆ ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಡುವ ಮೊದಲೇ ವಾಟ್ಸ್‌ಆ್ಯಪ್ ತೆರೆದು ನೋಡುವುದು ರೂಢಿಯಾಗಿ ಕೆಲವು ವರ್ಷಗಳೇ ಆದವು. ಇವತ್ತು ನಮ್ಮ ಗುಂಪಿಗೆ ಬಂದ ಮೊದಲ ಸಂದೇಶ ಹೀಗಿತ್ತು: "ಕೆರೆ ಮೇಲಿನ ಬಾಣೆಯಲ್ಲಿ ಎರಡು ಹೆಣ್ಣಾನೆ, ಒಂದು ಮರಿ. ಲೈನಿನವರು ಸದ್ಯಕ್ಕೆ ಹೊರಡಬೇಡಿ." ಬಾಣೆಯೆಂದರೆ ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ; ಲೈನಿನವರೆಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರು. ಆ ಸಂದೇಶದ ಕೆಳಗೆ ಯಾರೋ ಪುಣ್ಯಾತ್ಮರು ಗುಲಾಬಿ ಹೂವಿನ ಚಿತ್ರದೊಂದಿಗೆ ಶುಭೋದಯ ಹೇಳಿದ್ದರು. ಅದರ ಕೆಳಗೆ ಇನ್ನೊಬ್ಬರು ಆನೆಯೊಂದು ಬಸ್ಸನ್ನು ಅಡ್ಡಗಟ್ಟಿದ ವಿಡಿಯೋ ಹಾಕಿ "ಈಗ ತಾನೇ, ತಿತಿಮತಿ" ಎಂದು ಬರೆದಿದ್ದರು. ಆ ಬಸ್ಸಿನ ಹಣೆಯ ಮೇಲಿದ್ದ ಬೋರ್ಡು ತಮಿಳಿನಲ್ಲಿತ್ತು.

ಈ ಮೂರರಲ್ಲಿ ಮೊದಲನೆಯ ಸಂದೇಶ ಒಬ್ಬರ ಜೀವ ಉಳಿಸಬಲ್ಲದು. ಅದು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ನಮ್ಮ ಕೈಗೆ ಬರುತ್ತದೆ, ನಡುವೆ ಎಲ್ಲೆಲ್ಲಿ ಕಡಿದುಹೋಗುತ್ತದೆ ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ. ಕಾಡುಪ್ರಾಣಿ, ವಿಚಿತ್ರ ಸುದ್ದಿ, ರಾಜಕೀಯ, ಜೇಬಿನಲ್ಲಿರುವ ಫೋನು ಇವೆಲ್ಲ ಕೊಡಗಿನಲ್ಲಿ ಬೇರೆ ಬೇರೆ ವಿಷಯಗಳಾಗಿ ಉಳಿದಿಲ್ಲವಾದ್ದರಿಂದ ಮಾತು ಅಲ್ಲೆಲ್ಲ ಸುತ್ತಿ ಬರುವುದು ಅನಿವಾರ್ಯ.

[ದೃಶ್ಯ: ಒದ್ದೆ ಮಣ್ಣಿನ ಮೇಲೆ ದುಂಡನೆಯ ಹೆಜ್ಜೆಗುರುತು. ಪಕ್ಕದಲ್ಲಿ ಲದ್ದಿ.]

ಇಂಥ ಸಂದೇಶವೆಲ್ಲ ಉಪಗ್ರಹದಿಂದ ನೇರವಾಗಿ ಇಳಿದು ಬರುತ್ತದೆ ಎಂದು ಪಟ್ಟಣದ ನೆಂಟರು ತಿಳಿದಿರುತ್ತಾರೆ. ನಮ್ಮ ಗುಂಪಿಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ನೆಲದಿಂದ ಬರುತ್ತವೆ. ಅರಣ್ಯ ಇಲಾಖೆಯ ಕ್ಷಿಪ್ರ ಸ್ಪಂದನಾ ತಂಡದಲ್ಲಿ ದಿನಗೂಲಿಯ ಮೇಲೆ ದುಡಿಯುವ ವಾಚರ್ ಒಬ್ಬರ ಜೊತೆಯಲ್ಲಿ ಒಂದು ಬೆಳಿಗ್ಗೆ ನಡೆಯುವ ಅವಕಾಶ ನನಗೆ ಸಿಕ್ಕಿತ್ತು. ಅವರು ಜೇನುಕುರುಬರು, ವಯಸ್ಸಿನಲ್ಲಿ ನನಗಿಂತ ಹಿರಿಯರು. "ಅಣ್ಣ, ಮ್ಯಾಪಿನಲ್ಲಿ ಎಲ್ಲಿ ತೋರಿಸುತ್ತಿದೆ?" ಎಂದು ನಾನು ಕೇಳಿದೆ. "ಸಾರ್, ಫೋನ್ ಆಮೇಲೆ ನೋಡುವ, ಮೊದಲು ಕೆಳಗೆ ನೋಡಿ" ಎಂದರು.

ಕೆಳಗೆ ಲದ್ದಿ ಇತ್ತು. ಅವರು ಅಂಗೈಯನ್ನು ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಬಿಸಿ ಇದೆಯೇ ಎಂದು ನೋಡಿದರು. ಅನಂತರ ಕಡ್ಡಿಯಿಂದ ಒಡೆದು ಒಳಗಿನ ತೇವ ನೋಡಿದರು. ಆನೆ ತಿಂದದ್ದರಲ್ಲಿ ಅರ್ಧವೂ ಅದರ ಹೊಟ್ಟೆಯಲ್ಲಿ ಸರಿಯಾಗಿ ಜೀರ್ಣವಾಗುವುದಿಲ್ಲ. ಹಾಗಾಗಿ ಅದು ರಾತ್ರಿ ಎಲ್ಲಿ ಊಟ ಮಾಡಿತು ಎಂಬುದರ ಲೆಕ್ಕವೆಲ್ಲ ಲದ್ದಿಯಲ್ಲೇ ಇರುತ್ತದೆ. ಆ ದಿನದ ಲೆಕ್ಕದಲ್ಲಿ ಬೈನೆಯ ನಾರು, ಹಲಸಿನ ಬೀಜ, ಜೊತೆಗೆ ತೊಳೆದಿಟ್ಟಂತೆ ಬೆಳ್ಳಗಿದ್ದ ಕಾಫಿ ಬೀಜಗಳಿದ್ದವು. ಥಾಯ್ಲೆಂಡಿನಲ್ಲಿ ಸಾಕಾನೆಗಳಿಗೆ ಕಾಫಿ ಹಣ್ಣು ತಿನ್ನಿಸಿ, ಲದ್ದಿಯಿಂದ ಬೀಜ ಆರಿಸಿ, ಜಗತ್ತಿನ ಅತಿ ದುಬಾರಿ ಕಾಫಿಗಳಲ್ಲಿ ಒಂದೆಂದು ಮಾರುತ್ತಾರೆ. ನಮ್ಮಲ್ಲಿ ಅದೇ ಬೀಜ ಮುಂಗಾರಿನಲ್ಲಿ ಮೊಳೆತು, ಯಾರೂ ನೆಡದ ರೊಬಸ್ಟಾ ಸಸಿಯಾಗಿ ಕಾಡಿನಂಚಿನಲ್ಲಿ ನಿಂತಿರುತ್ತದೆ.

ಲದ್ದಿಯ ಬಳಿಕ ಅವರು ಹೆಜ್ಜೆ ನೋಡಿದರು. ಮುಂಗಾಲಿನ ಹೆಜ್ಜೆಯ ಸುತ್ತ ಒಂದು ಹಂಬನ್ನು ಹಿಡಿದು ಅಳೆದು, ಆ ಅಳತೆಯನ್ನು ಎರಡು ಪಟ್ಟು ಮಾಡಿದರೆ ಆನೆಯ ಭುಜದ ಎತ್ತರ ಸುಮಾರಾಗಿ ಸಿಗುತ್ತದೆ. ಈ ಸೂತ್ರವನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ಅಣ್ಣನಿಗೆ ಅದು ಅವರ ಅಪ್ಪನಿಂದ ಬಂದದ್ದು. ಇಷ್ಟೆಲ್ಲ ಮುಗಿಸಿದ ಮೇಲೆ ಜೇಬಿನಿಂದ ಫೋನ್ ತೆಗೆದು, ಬರೆಯುವ ತಾಪತ್ರಯ ಬೇಡವೆಂದು ಹನ್ನೆರಡು ಸೆಕೆಂಡಿನ ಧ್ವನಿ ಸಂದೇಶ ಕಳುಹಿಸಿದರು. ಅದನ್ನು ಕಚೇರಿಯಲ್ಲಿ ಒಬ್ಬರು ಕೇಳಿ, ಬರಹಕ್ಕಿಳಿಸಿ, ಹತ್ತಾರು ಗುಂಪುಗಳಿಗೆ ಹಾಕುತ್ತಾರೆ. ನಾವು ತಂತ್ರಜ್ಞಾನ ಎಂದು ಕೊಂಡಾಡುವ ಆ ಒಂದು ಸಾಲು ಹುಟ್ಟುವುದು ಹೀಗೆ.

[ದೃಶ್ಯ: ರೇಡಿಯೊ ಕಾಲರ್ ತೊಟ್ಟ ಆನೆಯ ರೇಖಾಚಿತ್ರ.]

ಉಪಗ್ರಹಕ್ಕೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ಕೆಲವು ಹಿಂಡುಗಳಲ್ಲಿ ಒಂದು ಆನೆಯ ಕೊರಳಿಗೆ ರೇಡಿಯೊ ಕಾಲರ್ ಹಾಕಿರುತ್ತಾರೆ. ಸಾಮಾನ್ಯವಾಗಿ ಹಿಂಡನ್ನು ನಡೆಸುವ ಹೆಣ್ಣಾನೆಯನ್ನೇ ಆರಿಸುತ್ತಾರೆ. ಅವಳು ಎಲ್ಲಿರುತ್ತಾಳೋ ಉಳಿದವರೂ ಅಲ್ಲಿರುತ್ತಾರೆ. ಪಟ್ಟಿಯ ಮೇಲ್ಭಾಗದಲ್ಲಿರುವ ಪೆಟ್ಟಿಗೆ ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಕೆಳಭಾಗದಲ್ಲಿ ಕಟ್ಟಿದ ಭಾರವು ಆ ಪೆಟ್ಟಿಗೆ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುತ್ತದೆ. ಲೆಕ್ಕ ಹಾಕಿದ ಜಾಗವನ್ನು ಕಚೇರಿಗೆ ತಿಳಿಸಬೇಕಾದರೆ ಅದು ಒಂದೋ ಮತ್ತೆ ಉಪಗ್ರಹದ ಮೊರೆ ಹೋಗಬೇಕು, ಇಲ್ಲವೇ ನಮ್ಮ ನಿಮ್ಮ ಫೋನಿನಂತೆ ಒಳಗಿರುವ ಸಿಮ್ ಕಾರ್ಡಿನ ಮೂಲಕ ಹತ್ತಿರದ ಮೊಬೈಲ್ ಟವರನ್ನು ಹುಡುಕಬೇಕು. 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಬಿಡುಗಡೆ ಮಾಡಿದ ದೇಶೀಯ ಕಾಲರ್ ಈ ಎರಡನೆಯ ಬಗೆಯದು. ಆಮದು ಮಾಡಿದ ಕಾಲರ್‌ಗಿಂತ ಅದು ಹಗುರ. ಬೆಲೆಯೂ ಬಹಳ ಕಡಿಮೆ.

ಸಿಮ್ ಕಾರ್ಡ್ ಎಂದ ಕೂಡಲೇ ಕೊಡಗಿನವರಿಗೆ ನಗು ಬಂದಿರಬೇಕು. ಜೂನ್ ತಿಂಗಳ ಗಾಳಿಗೆ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ; ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ; ಅಲ್ಲಿಗೆ ನಮ್ಮ ಫೋನಿನೊಂದಿಗೆ ಆನೆಯ ಫೋನೂ ನಿಲ್ಲುತ್ತದೆ. ಮಂಜು ಕವಿದು ಹತ್ತು ಅಡಿ ಮುಂದೆ ಏನಿದೆ ಎಂದು ಕಾಣದಿರುವ, ಅಂದರೆ ಸಂದೇಶದ ಅಗತ್ಯ ಅತಿ ಹೆಚ್ಚಾಗಿರುವ ದಿನಗಳಲ್ಲೇ ಹೀಗಾಗುತ್ತದೆ.

ಕಾಲರ್ ಹಾಕುವ ಕೆಲಸವೂ ಸಾಮಾನ್ಯದ್ದಲ್ಲ. ಆನೆಗೆ ಅರವಳಿಕೆ ಚುಚ್ಚಬೇಕು, ಅದು ನೀರಿನ ಹತ್ತಿರವೋ ಇಳಿಜಾರಿನಲ್ಲೋ ಬೀಳದಂತೆ ನೋಡಬೇಕು, ಉಳಿದ ಆನೆಗಳನ್ನು ಸಾಕಾನೆಗಳ ನೆರವಿನಿಂದ ದೂರ ಇಡಬೇಕು. 2012ರಿಂದ 2019ರವರೆಗೆ ದಸರಾದಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಇಂಥದೇ ಕಾರ್ಯಾಚರಣೆಯಲ್ಲಿ ಕಾಡಿನ ಸಲಗದೊಂದಿಗೆ ಕಾದಾಡಿ ಸತ್ತನು. ನಮ್ಮ ಮೊಬೈಲ್ ಪರದೆಯ ಮೇಲೆ ಮೂಡುವ ಕೆಂಪು ಚುಕ್ಕೆಯೊಂದರ ಹಿಂದೆ ಇಷ್ಟು ದೊಡ್ಡ ಬೆಲೆಯೂ ಇರುತ್ತದೆ ಎಂಬುದು ಆ ದಿನದವರೆಗೆ ನನ್ನ ಮನಸ್ಸಿಗೆ ಬಂದಿರಲಿಲ್ಲ.

[ದೃಶ್ಯ: ಕತ್ತಲೆ. ಪರದೆಯ ಮೇಲೆ ಧ್ವನಿ ತರಂಗದ ಗೆರೆ ಮಾತ್ರ.]

ನಾವು ಆನೆಯ ಸುದ್ದಿ ಸಂಗ್ರಹಿಸಲು ಇಷ್ಟು ಪಾಡು ಪಡುತ್ತಿದ್ದರೆ, ಆನೆ ನಮ್ಮ ಸುದ್ದಿಯನ್ನು ಹೇಗೆ ಸಂಗ್ರಹಿಸುತ್ತದೆ? ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗವೆನಿಸುವ ಭಾಗ ಇದು.

1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ ಗಾಳಿಯಲ್ಲಿ ಒಂದು ಕಂಪನವನ್ನು ಗಮನಿಸಿದರು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಎದೆಗೆ ಮಾತ್ರ ತಾಗುತ್ತಿತ್ತು. ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ ಆನೆಗಳು ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನ ದನಿಯಲ್ಲಿ ಮಾತನಾಡಿಕೊಳ್ಳುತ್ತಿದ್ದುದು ಗೊತ್ತಾಯಿತು. ನಮಗೆ ಸೆಕೆಂಡಿಗೆ ಸುಮಾರು 20 ಕಂಪನಗಳಿಗಿಂತ ಕೆಳಗಿನ ದನಿ ಕೇಳಿಸುವುದಿಲ್ಲ. ಆನೆಯ ಗುಡುಗಿನಂಥ ಕರೆ 14ರವರೆಗೂ ಇಳಿಯುತ್ತದೆ. ಇಷ್ಟು ತಗ್ಗಿನ ದನಿಯನ್ನು ಮರಗಿಡಗಳು ಅಷ್ಟಾಗಿ ತಡೆಯಲಾರವು. ಹಾಗಾಗಿ ಅದು ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ. ಆಫ್ರಿಕದ ಆನೆಗಳು ಒಂದನ್ನೊಂದು ಹೆಸರಿನಂಥ ಪ್ರತ್ಯೇಕ ಕರೆಯಿಂದ ಕೂಗುತ್ತವೆ ಎಂಬುದಕ್ಕೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಪುರಾವೆ ಒದಗಿಸಿದೆ. ಮೂಗಿನ ವಿಷಯವಂತೂ ಇನ್ನೂ ಬೆರಗಿನದು: ವಾಸನೆ ಗ್ರಹಿಸುವ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 400 ಇದ್ದರೆ, ಆಫ್ರಿಕದ ಆನೆಯಲ್ಲಿ ಸುಮಾರು 2,000 ಇವೆಯೆಂದು 2014ರ ಅಧ್ಯಯನ ತೋರಿಸಿತು. ನಾಯಿಗೂ ಅದರ ಅರ್ಧದಷ್ಟಿಲ್ಲ. ಗುಡ್ಡದಾಚೆ ಯಾರ ಹಿತ್ತಲಿನಲ್ಲಿ ಹಲಸು ಹಣ್ಣಾಗಿದೆ ಎಂಬುದು ಆ ಮನೆಯವರಿಗಿಂತ ಮೊದಲು ಆನೆಗೆ ತಿಳಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ಅದೇ 2014ರಲ್ಲಿ ಕೆನ್ಯಾದ ಅಂಬೋಸೆಲಿಯಿಂದ ಇನ್ನೊಂದು ವರದಿ ಬಂತು. ಅಲ್ಲಿನ ಆನೆಗಳಿಗೆ ಬೇರೆ ಬೇರೆ ಜನರ ಮಾತಿನ ಧ್ವನಿಮುದ್ರಣ ಕೇಳಿಸಿದಾಗ, ಆನೆಗಳೊಂದಿಗೆ ಆಗಾಗ ಜಗಳ ಬೀಳುವ ಮಸಾಯಿ ಗಂಡಸರ ದನಿಗೆ ಅವು ಒಟ್ಟುಗೂಡಿ ಹಿಂದೆ ಸರಿದವು. ಬೇಸಾಯಗಾರರಾದ ಕಂಬಾ ಗಂಡಸರ ದನಿಗೆ ಅಷ್ಟು ಹೆದರಲಿಲ್ಲ. ಮಸಾಯಿ ಹೆಂಗಸರ, ಮಕ್ಕಳ ದನಿಗೂ ಹಾಗೆಯೇ. ಅಂದರೆ ಮಾತನಾಡುವವನು ಯಾರು, ಅವನಿಂದ ಅಪಾಯವಿದೆಯೇ ಎಂಬುದನ್ನು ದನಿಯಿಂದಲೇ ತೀರ್ಮಾನಿಸಬಲ್ಲ ಪ್ರಾಣಿ ಇದು. ನಮ್ಮ ತೋಟದ ಆನೆಗಳಿಗೆ ತೋಟದ ಲೆಕ್ಕ ಬರೆಯುವ ರೈಟರ ಜೀಪಿನ ಸದ್ದಿಗೂ ಇಲಾಖೆಯ ಜೀಪಿನ ಸದ್ದಿಗೂ ವ್ಯತ್ಯಾಸ ಗೊತ್ತು ಎಂದು ಮೇಸ್ತ್ರಿಗಳು ಹೇಳುವಾಗ ನಾನು ಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ.

[ದೃಶ್ಯ: ಸೋಲಾರ್ ಬೇಲಿ. ಟಿಕ್, ಟಿಕ್ ಸದ್ದು.]

ಈ ಬುದ್ಧಿಯನ್ನು ಬೇಲಿಯ ಎದುರು ನೋಡಬೇಕು. ಸೋಲಾರ್ ಬೇಲಿಯಲ್ಲಿ ಸುಮಾರು ಸೆಕೆಂಡಿಗೊಮ್ಮೆ, ಕ್ಷಣಾರ್ಧಕ್ಕಿಂತ ಕಡಿಮೆ ಹೊತ್ತು, ಸಾವಿರಾರು ವೋಲ್ಟಿನ ವಿದ್ಯುತ್ ಹರಿಯುತ್ತದೆ. ಮುಟ್ಟಿದವರಿಗೆ ಜೀವ ಹೋಗುವುದಿಲ್ಲ, ಮತ್ತೊಮ್ಮೆ ಮುಟ್ಟುವ ಧೈರ್ಯ ಹೋಗುತ್ತದೆ. ಆನೆಗಳು ಕಂಡುಕೊಂಡ ಸಂಗತಿಯೆಂದರೆ ದಂತದ ಮೂಲಕ ವಿದ್ಯುತ್ ಹರಿಯುವುದಿಲ್ಲ. ಸಲಗ ಸೊಂಡಿಲನ್ನು ಹಿಂದಕ್ಕೆ ಮಡಚಿ ದಂತದಿಂದ ತಂತಿಯನ್ನು ಎಳೆದು ತುಂಡು ಮಾಡುತ್ತದೆ. ದಂತವಿಲ್ಲದವು ಪಕ್ಕದ ಮರವನ್ನು ಬೇಲಿಯ ಮೇಲೆ ಕೆಡವುತ್ತವೆ. ನಮ್ಮ ಪಕ್ಕದ ತೋಟದವರು ಗುತ್ತಿಗೆದಾರರೊಬ್ಬರಿಂದ ಹಾಕಿಸಿದ ಬೇಲಿ ಒಂದು ಮಳೆಗಾಲ ಬಾಳಿತು. ಅದನ್ನು ಕೆಡಿಸಿದ್ದು ಆನೆಯಲ್ಲ, ತಂತಿಗೆ ತಾಗಿ ಬೆಳೆದ ಕಳೆ. ಕಳೆ ಕಡಿಯುವುದು ಯಾರ ಕೆಲಸ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಹಳೆಯ ರೈಲು ಕಂಬಿಗಳನ್ನು ನೆಟ್ಟು ಕಟ್ಟುವ ಬೇಲಿ ಹೆಚ್ಚು ಗಟ್ಟಿ, ಹೆಚ್ಚು ದುಬಾರಿ. ನಾಗರಹೊಳೆಯ ಅಂಚಿನಲ್ಲಿ ಅದು ಹಲವೆಡೆ ಕೆಲಸ ಮಾಡಿದೆ. 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿಯ ಬಳಿ ಅದನ್ನು ದಾಟಲು ಹೋದ ಸಲಗವೊಂದು ಕಂಬಿಗಳ ನಡುವೆ ಸಿಲುಕಿ ಸತ್ತಿತು. ಆ ಚಿತ್ರವನ್ನು ನೋಡಿದವರು ಮರೆತಿರಲಾರರು. ಕೊಡಗಿನ ಮಟ್ಟಿಗೆ ಇನ್ನೂ ಮೂಲಭೂತವಾದ ಒಂದು ತೊಡಕಿದೆ. ಬೇಲಿ ಹಾಕುವವರು ಆನೆ ಆಚೆ ಇದೆ, ತೋಟ ಈಚೆ ಇದೆ ಎಂದುಕೊಂಡಿರುತ್ತಾರೆ. ತೋಟದಲ್ಲೇ ಹುಟ್ಟಿ ಬೆಳೆದ ಆನೆಗಳ ವಿಷಯದಲ್ಲಿ ಬೇಲಿ ಅವುಗಳನ್ನು ಒಳಗೇ ಕೂಡಿಹಾಕುತ್ತದೆ.

ತೋಟದಲ್ಲಿ ಅವುಗಳಿಗೆ ಏನು ಕಡಿಮೆ ಎಂದು ಒಮ್ಮೆ ಲೆಕ್ಕ ಹಾಕಿ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಹೆಚ್ಚು ನೀರು ಬೇಕು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೆಂದು ನಾವು ತೋಡಿದ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ನೆರಳಿದೆ, ಹಲಸಿದೆ, ಬಾಳೆಯಿದೆ. ಕೂಲಿ ಗಿಟ್ಟದೆಂದು ಹಾಳು ಬಿಟ್ಟ ಗದ್ದೆಗಳಲ್ಲಿ ಆಳೆತ್ತರದ ಹುಲ್ಲಿದೆ. ಅತ್ತ ಕಾಡಿನಲ್ಲಿ ತೇಗದ ನೆಡುತೋಪು, ಲಂಟಾನದ ಪೊದೆ. ಅವೆರಡರಿಂದ ಆನೆಯ ಹೊಟ್ಟೆ ತುಂಬದು. ನಾನೇ ಆನೆಯಾಗಿದ್ದರೆ ನಾಗರಹೊಳೆ ಬಿಟ್ಟು ಪಾಲಿಬೆಟ್ಟಕ್ಕೆ ಬರುತ್ತಿದ್ದೆ.

[ದೃಶ್ಯ: ಮಡಿಕೇರಿ ಕೋಟೆಯ ಗಾರೆಯ ಆನೆಗಳು.]

ಇನ್ನು ರಾಜಕೀಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಆನೆಯನ್ನು 1977ರಲ್ಲಿ ಸೇರಿಸಿದರು. ಅಂದಿನಿಂದ ಅದಕ್ಕೆ ಹುಲಿಗಿರುವಷ್ಟೇ ರಕ್ಷಣೆಯಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿ ಇರುವವರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಆ ಕೋವಿಗೆ ಹೂವಿಟ್ಟು ಪೂಜಿಸಿ, ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಆನೆಯಿದೆಯೇ ಎಂದು ಫೋನ್ ನೋಡುತ್ತೇವೆ. ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ.

ಹೈಕೋರ್ಟ್ ಸೂಚನೆಯಂತೆ ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳಿಗೆ ಮೀಸಲಾದ ವಲಯ, ಆನೆ ಮತ್ತು ಮನುಷ್ಯರು ಹೊಂದಿಕೊಂಡು ಇರಬೇಕಾದ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ಅದು ನೆಲವನ್ನು ಮೂರಾಗಿ ವಿಂಗಡಿಸಿತು. ಓದಲು ಬಹಳ ಸ್ಪಷ್ಟವಾಗಿರುವ ವರದಿ. ಆದರೆ ತನ್ನ ತೋಟ ಎರಡನೆಯ ವಲಯದಲ್ಲಿದೆ ಎಂದು ಕೇಳಿ ಸಂತೋಷಪಡುವ ಬೆಳೆಗಾರನನ್ನು ನಾನು ಇದುವರೆಗೆ ಕಂಡಿಲ್ಲ. 2022ರ ಕೊನೆಯಲ್ಲಿ ಸರ್ಕಾರ ಕೊಡಗು, ಹಾಸನ, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಿತು. ಜೀವಹಾನಿಯ ಪರಿಹಾರವನ್ನು ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿತು. 224 ಸ್ಥಾನಗಳ ವಿಧಾನಸಭೆಯಲ್ಲಿ ಎರಡೇ ಸ್ಥಾನ ಇರುವ ಜಿಲ್ಲೆಯ ದನಿ ಬೆಂಗಳೂರಿಗೆ ಕೇಳಿಸುವುದು ಆನೆಯ ತಗ್ಗಿನ ದನಿ ನಮಗೆ ಕೇಳಿಸಿದಷ್ಟೇ ಎಂದು ಹಿರಿಯರೊಬ್ಬರು ಹೇಳಿದ್ದುಂಟು. ನನ್ನ ತಕರಾರು ಬೇರೆ. ಕಂಬಿಗೆ, ಕಾಲರಿಗೆ, ಆ್ಯಪ್‌ಗೆ ಹಣ ಮಂಜೂರಾಗುವಾಗ ಫೋಟೊ ತೆಗೆಯಬಹುದು. ಲದ್ದಿಯ ಬಿಸಿ ನೋಡುವ ವಾಚರಿಗೆ ತಿಂಗಳ ಸಂಬಳ ಖಾಯಂ ಆದರೆ ಉದ್ಘಾಟಿಸಲು ಏನೂ ಇರುವುದಿಲ್ಲ. ಇಡೀ ಎಚ್ಚರಿಕೆ ವ್ಯವಸ್ಥೆ ಯಾರ ಕಾಲಿನ ಮೇಲೆ ನಿಂತಿದೆಯೋ ಅವರೇ ದಿನಗೂಲಿಯಲ್ಲಿ ಉಳಿದಿದ್ದಾರೆ.

ಆನೆಗಳು ಸುದ್ದಿಯಾಗುವ ರೀತಿಯೂ ವಿಚಿತ್ರವಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ದಸರಾಕ್ಕೆಂದು ಮೈಸೂರಿಗೆ ಹೋಗಿದ್ದ ಕೊಡಗಿನ ದುಬಾರೆ ಆನೆ ಶಿಬಿರದ ಕಂಜನ್ ಮತ್ತು ಧನಂಜಯ ರಾತ್ರಿ ಜಗಳವಾಡಿ, ಒಂದು ಇನ್ನೊಂದನ್ನು ಅಟ್ಟಿಕೊಂಡು ಅರಮನೆಯ ಆವರಣದಿಂದ ರಸ್ತೆಗೇ ಬಂದವು. ಅದು ದೇಶವೆಲ್ಲ ನೋಡಿದ ವಿಡಿಯೋ. 2025ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವಿಧಾನಸೌಧದ ಮುಂದೆ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅವರಿಗೆ ಪಳಗಿದ ನಾಲ್ಕು ಆನೆಗಳನ್ನು ಒಪ್ಪಿಸಿದರು; ದುಬಾರೆಯ ಆನೆಗಳೂ ಅವುಗಳಲ್ಲಿದ್ದವು. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಉತ್ತರ ಬಂಗಾಳದ ಸುದ್ದಿ. ಅಲ್ಲಿನ ಚಹಾ ತೋಟಗಳ ನೀರುಗಾಲುವೆಗಳಲ್ಲಿ ಆನೆಗಳು ಸತ್ತ ಮರಿಗಳನ್ನು ಎಳೆದುತಂದು, ಕಾಲು ಮೇಲಾಗುವಂತೆ ಮಲಗಿಸಿ, ಮಣ್ಣು ಮುಚ್ಚಿದ ಐದು ಪ್ರಸಂಗಗಳು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿವೆ. ನಮ್ಮ ತೋಟಗಳಲ್ಲೂ ಅಂಥ ಕಾಲುವೆಗಳಿವೆ. ಅದನ್ನು ಓದಿದ ಮೇಲೆ ಕೆಲವು ದಿನ ನಾನು ಅವುಗಳನ್ನು ದಾಟುವಾಗ ಒಮ್ಮೆ ಇಣುಕಿ ನೋಡುತ್ತಿದ್ದೆ.

ಆನೆಗಣತಿಯಲ್ಲೂ ಕೊನೆಗೆ ಗೆದ್ದದ್ದು ಲದ್ದಿಯೇ. 2025ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಅಂದಾಜು, ಲದ್ದಿಯ ಮೇಲ್ಪದರಕ್ಕೆ ಅಂಟಿಕೊಂಡ ಕರುಳಿನ ಕೋಶಗಳಿಂದ ಡಿಎನ್‌ಎ ತೆಗೆದು ಒಂದೊಂದು ಆನೆಯನ್ನೂ ಪ್ರತ್ಯೇಕವಾಗಿ ಗುರುತಿಸುವ ವಿಧಾನವನ್ನು ಬಳಸಿತು. ಅದರ ಪ್ರಕಾರ ದೇಶದಲ್ಲಿ 22,446 ಆನೆಗಳಿವೆ. 6,013 ಆನೆಗಳೊಂದಿಗೆ ಕರ್ನಾಟಕ ಮೊದಲ ಸ್ಥಾನದಲ್ಲಿದೆ. 2017ರಲ್ಲಿ ದೇಶದ ಲೆಕ್ಕ 29,964 ಇತ್ತಲ್ಲ, ಏಳು ಸಾವಿರ ಆನೆ ಎಲ್ಲಿ ಹೋದವು ಎಂದು ನಮ್ಮ ಗುಂಪಿನಲ್ಲಿ ಒಂದು ಸಂಜೆಯೆಲ್ಲ ಗಲಾಟೆಯಾಯಿತು. ಎಣಿಸುವ ವಿಧಾನವೇ ಬೇರೆಯಾದ್ದರಿಂದ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ಕಳೆಯಬಾರದು ಎಂದು ವರದಿಯಲ್ಲೇ ಇದೆ. ಅದನ್ನು ಹಾಕಿದೆ, ಯಾರೂ ಓದಲಿಲ್ಲ.

[ದೃಶ್ಯ: ಮಳೆ. ಕಾಫಿ ಕಣದ ಪಕ್ಕದ ಗೋದಾಮು. ಮರದ ಬಾಗಿಲು.]

ಇವತ್ತಿನ ಸಂದೇಶದ ಕತೆ ಹೇಳಿ ಮುಗಿಸುತ್ತೇನೆ. ಹತ್ತು ಗಂಟೆಗೆ ಅದೇ ಗುಂಪಿನಲ್ಲಿ "ರಸ್ತೆ ದಾಟಿವೆ, ಕೆಲಸಕ್ಕೆ ಹೋಗಬಹುದು" ಎಂದು ಬಂತು. ಲೈನಿನವರು ಕತ್ತಿ, ಬುತ್ತಿ ಹಿಡಿದು ಹೊರಟರು. ಹನ್ನೊಂದರ ಸುಮಾರಿಗೆ ಮಳೆ ಹಿಡಿಯಿತು; ಕರೆಂಟು ಹೋಯಿತು; ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಒಂದು ಗೆರೆಯೂ ಉಳಿಯಲಿಲ್ಲ. ಮೂರು ಗಂಟೆಗೆ ವಾಚರ್ ಅಣ್ಣ ಬೈಕನ್ನು ಗೇಟಿನಲ್ಲೇ ನಿಲ್ಲಿಸಿ ನಡೆದು ಬಂದರು. ರೈಟರನ್ನು ಕೂಗಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಗೋದಾಮಿನ ಬಾಗಿಲ ಹಿಂದಿನ ಗೂಡಿನಲ್ಲಿಟ್ಟಿರುವ ಸೀಮೆಸುಣ್ಣ ತೆಗೆದು, ಬಾಗಿಲಿನ ಹೊರಗೆ ಬರೆದರೆ ಇರಚಲಿಗೆ ಅಳಿಸುತ್ತದೆಂದು ಒಳಮೈಯಲ್ಲಿ ಬರೆದರು: "3 ಆನೆ. ಮತ್ತೆ ಕೆರೆಗೆ ಬಂದಿವೆ. ಮೇಲಿನ ದಾರಿಯಲ್ಲಿ ಬನ್ನಿ." ಮೇಸ್ತ್ರಿ ಅದನ್ನು ಓದಿ, ಹಿತ್ತಲಿನಿಂದ ಒಬ್ಬ ಹುಡುಗನನ್ನು ಮೇಲಿನ ದಾರಿಯಲ್ಲಿ ಕೆಲಸದವರ ಕಡೆಗೆ ಓಡಿಸಿದರು.